ಚಳಿಜ್ವರದ ಜೀವಿಗೆ ಚಿತ್ತವುಂಟೇ?

ಮುಂಡಗೋಡದಲ್ಲಿ 1966ರಲ್ಲಿ ನೆಲೆಗೊಂಡ ಟಿಬೆಟನ್ ವಸಾಹತಿನ ಡ್ರೆಪುಂಗ್ ಮತ್ತು ಗಾಂದೆನ್ ಮಠಗಳಲ್ಲಿ, ಅಮೆರಿಕದ ಎಮೊರಿ ವಿಶ್ವವಿದ್ಯಾಲಯದ ನೆರವಿನಿಂದ ಭಿಕ್ಷುಗಳು ಜೀವವಿಜ್ಞಾನವನ್ನೂ ಓದತೊಡಗಿದ ಮೇಲೆ, ಒಂದೇ ಕೋಶದ ಜೀವಿಗೆ ಚಿತ್ತವುಂಟೇ ಎಂಬ ಪ್ರಶ್ನೆ ಅವರ ವಾದದ ಅಂಗಳಕ್ಕೆ ಬಂದಿತು. ಬೌದ್ಧರಿಗೆ ಇದು ಆಚಾರವನ್ನೇ ಮುಟ್ಟುವ ಪ್ರಶ್ನೆ. ಏಕೆಂದರೆ ಸುಖದುಃಖಗಳನ್ನು ಅನುಭವಿಸಬಲ್ಲ ಜೀವಿ ಮಾತ್ರ ಅವರ ಪರಿಭಾಷೆಯಲ್ಲಿ 'ಸತ್ತ್ವ', ಅದನ್ನು ಕೊಲ್ಲದಿರುವುದು ಮೊದಲ ಶೀಲ. ಟಿಬೆಟನ್ ಸಂಪ್ರದಾಯವು ಗಿಡಮರಗಳನ್ನು ಸತ್ತ್ವಗಳೆಂದು ಎಣಿಸುವುದಿಲ್ಲ. ಸ್ಪರ್ಶವೊಂದೇ ಇಂದ್ರಿಯವಾಗಿರುವ ಏಕೇಂದ್ರಿಯ ಜೀವಗಳ ಸಾಲಿಗೆ ಅವುಗಳನ್ನು ಸೇರಿಸಿದ ಜೈನರ ದಾರಿ ಬೇರೆ.

ಹಳಿಯಾಳ, ಮುಂಡಗೋಡ ಮತ್ತು ಇಂದಿನ ಜೋಯಿಡಾ ಒಳಗೊಂಡ ಹಳೆಯ ಸೂಪಾ ಸೀಮೆಯ ಕಾಡೂರುಗಳನ್ನು ತಲೆಮಾರುಗಳ ಕಾಲ ಸೊರಗಿಸಿದ ಮಲೇರಿಯಾದ ಏಕಕೋಶ ಜೀವಿ ಪ್ಲಾಸ್ಮೋಡಿಯಂ ಈ ಪ್ರಶ್ನೆಯನ್ನು ಇನ್ನಷ್ಟು ಬಿಗಿಗೊಳಿಸುತ್ತದೆ. ಬೇರೊಂದು ಜೀವಿಯ ಒಡಲನ್ನೇ ಆಶ್ರಯಿಸಿ ಬದುಕುವ ಈ ಪರಾವಲಂಬಿಯನ್ನು ಮೊದಲು 'ಆದಿಪ್ರಾಣಿ'ಗಳ ವರ್ಗದಲ್ಲಿ ಇರಿಸಲಾಗಿತ್ತು. ಆದರೆ ಅದರ ಕೋಶದೊಳಗೆ, ಪಾಚಿಯ ಪತ್ರಹರಿತ್ತಿನ ಕಣದ ಅವಶೇಷವಾದ ಎಪಿಕೋಪ್ಲಾಸ್ಟ್ ಎಂಬ ಅಂಗ ಇರುವುದು 1990ರ ದಶಕದಲ್ಲಿ ಖಚಿತವಾಯಿತು; ಅಂದರೆ ಇಂದು ನೆತ್ತರಿನಲ್ಲಿ ಬೆಳೆಯುವ ಜೀವಿಯ ಪೂರ್ವಜ ಜೀವಿಗಳು ಒಮ್ಮೆ ಬಿಸಿಲಿನಿಂದ ಆಹಾರ ತಯಾರಿಸುತ್ತಿದ್ದವು. ಡಾಕ್ಸಿಸೈಕ್ಲಿನ್ ಔಷಧಿ ಕೆಲಸ ಮಾಡುವುದೂ ಈ ಅವಶೇಷದ ಮೇಲೆಯೇ. ಪ್ರಾಣಿಯಾದರೆ ಸತ್ತ್ವ, ಸಸ್ಯವಾದರೆ ಅಲ್ಲ ಎಂಬ ಗೆರೆಯ ಎರಡೂ ಬದಿಗೆ ಸೇರದ ಇಂಥ ಜೀವಿಯ ವಿಷಯದಲ್ಲಿ ವರ್ಗೀಕರಣವು ವಂಶದ ಕಥೆಯನ್ನು ಹೇಳಬಲ್ಲದೇ ಹೊರತು ವೇದನೆಯ ಕಥೆಯನ್ನಲ್ಲ.

ವೇದನೆಯನ್ನು ಬೇರೆ ಕುರುಹುಗಳಿಂದಲೇ ಊಹಿಸಬೇಕು. ಪ್ಲಾಸ್ಮೋಡಿಯಂ ಕೆಂಪು ರಕ್ತಕಣವನ್ನು ಗುರುತಿಸಿ ಹೊಗುವುದು ಮೇಲ್ಮೈಯ ಪ್ರೋಟೀನುಗಳ ಹೊಂದಾಣಿಕೆಯಿಂದ. ನರವಾಗಲಿ, ಅನುಭವವನ್ನು ಕೂಡಿಸುವ ಕೇಂದ್ರವಾಗಲಿ ಅದಕ್ಕಿಲ್ಲ. ಪ್ಲಾಸ್ಮೋಡಿಯಂನ ಒಂದು ಪ್ರಭೇದವಾದ ವೈವ್ಯಾಕ್ಸ್‌ನ ಸೋಂಕಿನಲ್ಲಿ ಸುಮಾರು 48 ಗಂಟೆಗೊಮ್ಮೆ ರಕ್ತಕಣಗಳು ಒಡೆದಾಗ ಬರುವ ಚಳಿ, ಉರಿಗಳು ರೋಗಿಯ ದೇಹ ತೋರುವ ಪ್ರತಿಕ್ರಿಯೆ. ಕರ್ಮವನ್ನು ಚೇತನೆಯೆಂದು, ಅಂದರೆ ಮಾಡಬೇಕೆಂಬ ಸಂಕಲ್ಪವೆಂದು, ವಿವರಿಸುವ ಬೌದ್ಧ ಚಿಂತನೆಯ ಪ್ರಕಾರ ಈ ಜೀವಿಗೆ ಪಾಪವೂ ಇಲ್ಲ, ಹಗೆಯೂ ಇಲ್ಲ; ಅದನ್ನು ಕೊಲ್ಲುವ ಗುಳಿಗೆಯನ್ನು ಜ್ವರದಿಂದ ನಡುಗುವ ಮಗುವಿಗೆ ಕೊಡುವುದರಿಂದ ಶೀಲಭಂಗವಾಗುತ್ತದೆ ಎನ್ನಲು ಆಧಾರವೂ ಇಲ್ಲ.

ನಿಜವಾದ ತೊಡಕು ಈ ಜೀವಿಯನ್ನು ಹೊತ್ತು ತರುವ ಸೊಳ್ಳೆಯದು. 1946ರಲ್ಲಿ ಮಲೇರಿಯಾ ತಜ್ಞ ಡಿ.ಕೆ. ವಿಶ್ವನಾಥನ್ ಅವರ ನೇತೃತ್ವದಲ್ಲಿ ಕೆನರಾ (ಇಂದಿನ ಉತ್ತರ ಕನ್ನಡ), ಧಾರವಾಡ ಜಿಲ್ಲೆಗಳ ಮನೆಗಳಿಗೆ ಡಿಡಿಟಿ ಸಿಂಪಡಿಸಿದ ಕಾರ್ಯ ಅಸಂಖ್ಯ ಜನರನ್ನು ಉಳಿಸಿತು. ಆದರೆ ಅದರಿಂದ ಸತ್ತ ಅನಾಫಿಲಿಸ್ ಸೊಳ್ಳೆಗೆ ನರಮಂಡಲವಿದೆ, ಬೌದ್ಧರ ಎಣಿಕೆಯಲ್ಲಿ ಅದು ಸತ್ತ್ವವೇ. ಆದ್ದರಿಂದ ಕೊಲ್ಲದೆಯೇ ಕಾಯುವ ಸಾದಾ ಸೊಳ್ಳೆಪರದೆಯು ಶೀಲಕ್ಕೂ ಕರುಣೆಗೂ ಒಟ್ಟಿಗೆ ಒಪ್ಪುವ ಮೊದಲ ಉಪಾಯವಾಗುತ್ತದೆ, ಸಿಂಪಡಣೆಯು ಅದು ಸಾಲದಾದಾಗ ಮಾತ್ರ ಬರಬೇಕಾದದ್ದು.