ನೆಲದಲ್ಲಿ ದೊರೆತ ಆಯುಧ ಮತ್ತು ಶ್ರಾವಕನ ಹೊಣೆ

ಮನೆಯ ಪಾಯ ತೋಡುವಾಗಲೋ ಹೊಲದ ಬಾವಿಯ ಹೂಳೆತ್ತುವಾಗಲೋ ತುಕ್ಕು ಹಿಡಿದ ಕೋವಿಯ ನಳಿಗೆಯೊಂದು ಗುದ್ದಲಿಗೆ ತಾಗಿತೆಂದು ಭಾವಿಸೋಣ. ಕೃಷ್ಣೆ ಮತ್ತು ತುಂಗಭದ್ರೆಯರ ನಡುವಿನ ನಮ್ಮ ಗಟ್ಟು, ಗದ್ವಾಲ ಸೀಮೆಯಲ್ಲಿ ಇದು ಅಸಂಭವವಾದ ಮಾತಲ್ಲ. 1520ರಲ್ಲಿ ಶ್ರೀಕೃಷ್ಣದೇವರಾಯನು ಬಿಜಾಪುರದ ಇಸ್ಮಾಯಿಲ್ ಆದಿಲ್ ಶಾಹನನ್ನು ಸೋಲಿಸಿ ರಾಯಚೂರು ಕೋಟೆಯನ್ನು ಗೆದ್ದಾಗ ಫಿರಂಗಿಗಳೂ ಪೋರ್ಚುಗೀಸರ ಬಂದೂಕುಗಳೂ ಸಿಡಿದದ್ದು ಈ ಎರಡು ನದಿಗಳ ನಡುನಾಡಿನಲ್ಲಿಯೇ. ಅಹಿಂಸೆಯನ್ನು ಪರಮಧರ್ಮವೆಂದು ನಂಬಿದ ಗೃಹಸ್ಥನು ಆ ಕಬ್ಬಿಣವನ್ನು ಏನು ಮಾಡಬೇಕು?

ಮುಟ್ಟಿದರೆ ಪಾಪ, ನದಿಗೆ ಎಸೆಯಿರಿ ಎನ್ನುವ ಹಿರಿಯರುಂಟು. ಗುಜರಿಗೆ ಹಾಕಿ ಬಂದ ಹಣವನ್ನು ಬಸದಿಗೆ ಸಲ್ಲಿಸಿರಿ ಎನ್ನುವ ವ್ಯವಹಾರಸ್ಥರೂ ಉಂಟು. ಪೊಲೀಸರ ಗೊಡವೆ ಏಕೆ, ಮತ್ತೆ ಮಣ್ಣು ಮುಚ್ಚಿರಿ ಎನ್ನುವವರೇ ಹೆಚ್ಚು.

ಮೊದಲನೆಯ ಭಯಕ್ಕೆ ಆಧಾರವಿಲ್ಲ. ದಿಗಂಬರ, ಶ್ವೇತಾಂಬರರಿಬ್ಬರೂ ಮಾನ್ಯ ಮಾಡುವ ತತ್ತ್ವಾರ್ಥಸೂತ್ರವು ಪ್ರಮತ್ತಯೋಗದಿಂದಾಗುವ ಪ್ರಾಣಘಾತವನ್ನು ಹಿಂಸೆಯೆಂದು ಕರೆದಿದೆ. ಆಯುಧವು ಅಜೀವ ಅಧಿಕರಣ ಮಾತ್ರ. ಕಷಾಯವಿರುವುದು ಹಿಡಿದವನಲ್ಲಿ, ಕಬ್ಬಿಣದಲ್ಲಲ್ಲ. ಶಸ್ತ್ರ ಹಿಡಿದವರು ನಮ್ಮಲ್ಲಿ ಇರಲಿಲ್ಲವೆಂದೂ ಅಲ್ಲ. ಶ್ರವಣಬೆಳಗೊಳದಲ್ಲಿ ಗೊಮ್ಮಟೇಶ್ವರನನ್ನು ನಿಲ್ಲಿಸಿದ ಚಾವುಂಡರಾಯನು ಗಂಗರ ಸೇನಾಪತಿಯಾಗಿದ್ದನು. (ಅಂದಹಾಗೆ, ಪಾಯ ತೋಡುವ ಗುದ್ದಲಿಗೆ ಸಿಕ್ಕ ಎರೆಹುಳುಗಳ ಬಗ್ಗೆ ಇಷ್ಟು ಭಯಪಡುವವರನ್ನು ನಾನು ಕಂಡಿಲ್ಲ.)

ಹಾಗೆಂದು ನಿಶ್ಚಿಂತರಾಗುವಂತಿಲ್ಲ. ಶಿವಮೊಗ್ಗ ಜಿಲ್ಲೆ ಹೊಸನಗರ ತಾಲೂಕಿನ ನಗರದಲ್ಲಿ, ಅಂದರೆ ಹಳೆಯ ಬಿದನೂರಿನಲ್ಲಿ, ನಡೆದುದನ್ನು ನೋಡಿರಿ. 2002ರಲ್ಲಿ ಅಲ್ಲಿಯ ಬಾವಿಯೊಂದರಲ್ಲಿ ನೂರಕ್ಕೂ ಹೆಚ್ಚು ಕಬ್ಬಿಣದ ಕೊಳವೆಗಳು ದೊರೆತವು. ಅವು ಮೈಸೂರು ಸೈನ್ಯದ ರಾಕೆಟ್ಟುಗಳು. 2018ರ ಜುಲೈನಲ್ಲಿ ಅದೇ ಊರಿನ ಬತ್ತಿದ ಬಾವಿಯಿಂದ ಪುರಾತತ್ತ್ವ ಇಲಾಖೆಯವರು ಸಾವಿರಕ್ಕೂ ಮಿಕ್ಕಿ ಅಂತಹವೇ ರಾಕೆಟ್ಟುಗಳನ್ನು ಹೊರತೆಗೆದರು. ಟಿಪ್ಪುವಿನ ಕಾಲದವು, ಇನ್ನೂರು ವರ್ಷ ಮಣ್ಣಿನಲ್ಲಿದ್ದವು. ಆದರೂ ಆ ಬಾವಿಯ ಮಣ್ಣು ಮದ್ದಿನ ವಾಸನೆ ಬೀರುತ್ತಿತ್ತು, ಕೊಳವೆಗಳೊಳಗೆ ಮದ್ದಿನ ಪುಡಿ ಉಳಿದಿತ್ತು. ಹಳೆಯದಾದುದೆಲ್ಲ ನಿರ್ಜೀವವೆಂದು ನಂಬುವುದೇ ಇಲ್ಲಿ ಪ್ರಮಾದ. ನದಿಗೆ ಎಸೆದ ವಸ್ತು ಮೀನುಗಾರನ ಬಲೆಗೆ ಸಿಕ್ಕೀತು. ಗುಜರಿಯವನ ಸುತ್ತಿಗೆಯ ಪೆಟ್ಟಿಗೆ ಮದ್ದು ಸಿಡಿದೀತು. ಹಿಂಸೆಯ ಉಪಕರಣವನ್ನು ಪರರಿಗೆ ಕೊಡುವುದನ್ನು ನಮ್ಮ ಆಚಾರ್ಯರು ಹಿಂಸಾದಾನವೆಂದು ಹೆಸರಿಸಿ ಅನರ್ಥದಂಡಗಳಲ್ಲಿ ಸೇರಿಸಿದ್ದಾರೆ. ಏನೆಂದು ಅರಿಯದೆಯೇ ಕೊಟ್ಟೆನೆಂಬುದು ಇಲ್ಲಿ ಸಮರ್ಥನೆಯಾಗದು. ಅರಿಯಲು ಯತ್ನಿಸದಿರುವುದೇ ದೋಷ.

ಇನ್ನು ಮುಚ್ಚಿಡುವುದು. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಅಚೌರ್ಯಾಣುವ್ರತವನ್ನು ವಿವರಿಸುವಾಗ, ಬಿದ್ದುದು, ಮರೆತುದು ಮಾತ್ರವಲ್ಲದೆ ಇರಿಸಲ್ಪಟ್ಟ ಪರವಸ್ತುವನ್ನೂ ಹೆಸರಿಸಿದ್ದಾರೆ. ನೆಲ ನಮ್ಮದಾದ ಮಾತ್ರಕ್ಕೆ ನೆಲದೊಳಗಿನದು ನಮ್ಮದಾಗದು. 1878ರ ನಿಧಿ ಕಾಯಿದೆಯೂ ನೆಲದಲ್ಲಿ ಹುದುಗಿದ್ದ, ಹತ್ತು ರೂಪಾಯಿಗೆ ಮೀರಿದ ಬೆಲೆಯ ವಸ್ತು ಸಿಕ್ಕಾಗ ಜಿಲ್ಲಾಧಿಕಾರಿಗೆ ಲಿಖಿತವಾಗಿ ತಿಳಿಸಬೇಕೆನ್ನುತ್ತದೆ. ದುರಸ್ತಿ ಮಾಡಿದರೂ ಸಿಡಿಯಲಾರದ ಪ್ರಾಚೀನ ಕೋವಿಗೆ 1959ರ ಆಯುಧ ಕಾಯಿದೆಯಲ್ಲಿ ವಿನಾಯಿತಿಯುಂಟು. ಆದರೆ ಅದು ಸಿಡಿಯಲಾರದೆಂದು ನಿರ್ಣಯಿಸುವ ಸಾಮರ್ಥ್ಯ ಅಂಗಳದಲ್ಲಿ ನೆರೆದ ನಮಗಿಲ್ಲ. ಠಾಣೆಗೆ ಹೋಗಲು ಸಂಕೋಚವೆಂಬುದು ನಿಜ. ವ್ಯಾಪಾರಸ್ಥ ಕುಟುಂಬಗಳಿಗೆ ಆ ಸಂಕೋಚ ಇನ್ನೂ ಹೆಚ್ಚು. ಒಂದು ದಿನದ ಆ ಮುಜುಗರವನ್ನು ತಪ್ಪಿಸಿಕೊಳ್ಳಲು ಮುಂದೆ ಅದೇ ನೆಲವನ್ನು ಅಗೆಯುವ ಕೂಲಿಯವನ ಕೈಕಾಲುಗಳನ್ನು ಪಣಕ್ಕಿಡಬಹುದೇ?

ಆದುದರಿಂದ ವಸ್ತುವನ್ನು ಇದ್ದಲ್ಲಿಯೇ ಬಿಟ್ಟು, ಮಕ್ಕಳನ್ನು ದೂರವಿರಿಸಿ, ಪೊಲೀಸರಿಗೂ ತಹಶೀಲ್ದಾರರಿಗೂ ತಿಳಿಸಿರಿ. ತುಕ್ಕು ಕೆರೆದು ಹೊಳಪು ಕೊಡಲು ಹೋಗಬೇಡಿರಿ. ಸಿಕ್ಕ ಆಳ, ಸುತ್ತಲ ಮಣ್ಣು, ನಳಿಗೆಯ ಉದ್ದ, ಮದ್ದಿಗೆ ಕಿಡಿ ಹೊತ್ತಿಸುವ ಭಾಗದ ರಚನೆ, ಲೋಹದ ಮೇಲೆ ಅಳಿದುಳಿದ ಮುದ್ರೆ, ಇವುಗಳಿಂದಲೇ ಬಲ್ಲವರು ಅದರ ಕಾಲವನ್ನು ಗುರುತಿಸುವುದು.