ಅತಿಸಾಮೀಪ್ಯವೂ ಸ್ಫುಟತೆಯೂ

ಪದಾರ್ಥವು ಇದ್ದೂ ಕಾಣದೆ ಹೋಗುವುದಕ್ಕೆ ಈಶ್ವರಕೃಷ್ಣನು ಸಾಂಖ್ಯಕಾರಿಕೆಯಲ್ಲಿ ಎಂಟು ಕಾರಣಗಳನ್ನು ಎಣಿಸಿದ್ದಾನೆ. ಮೊದಲನೆಯದು ಅತಿದೂರ, ಎರಡನೆಯದು ಅತಿಸಾಮೀಪ್ಯ. ದೂರದ ವಸ್ತು ಕಾಣದೆಂದು ಹೇಳಲು ದಾರ್ಶನಿಕನೇ ಬೇಕಾಗಿಲ್ಲ. ಹತ್ತಿರದ್ದೂ ಕಾಣದೆಂಬ ಮಾತು ಮಾತ್ರ ವಿಚಾರಾರ್ಹವಾದುದು. ಕಣ್ಣಿಗೆ ಹಚ್ಚಿದ ಕಾಡಿಗೆ ಆ ಕಣ್ಣಿಗೇ ಕಾಣದೆಂದು ವ್ಯಾಖ್ಯಾನಕಾರರು ಉದಾಹರಿಸಿ ಮುಂದೆ ಸಾಗುತ್ತಾರೆ. ಆದರೆ ಕಾಣುವುದಕ್ಕೂ ಕಾಣದಿರುವುದಕ್ಕೂ ನಡುವಣ ಅವಸ್ಥೆಯೊಂದುಂಟು: ವಸ್ತುವಿನ ಒಂದು ಪದರವು ನಿಚ್ಚಳವಾಗಿ ಕಂಡು, ಅದರ ಹಿಂದುಮುಂದೆಲ್ಲ ಮಂಜಿನಲ್ಲಿ ಮುಳುಗಿರುವ ಅವಸ್ಥೆ. ನೊಣದ ಕಣ್ಣಿನಂತಹ ಸೂಕ್ಷ್ಮವಸ್ತುವನ್ನು ಹಿಗ್ಗಿಸಿ ಛಾಯಾಚಿತ್ರ ತೆಗೆಯುವವರು ಪ್ರತಿದಿನವೂ ಎದುರಿಸತಕ್ಕುದು ಇದನ್ನೇ.

ಮಸೂರದ ಸ್ವಭಾವವನ್ನು ಮೊದಲು ತಿಳಿಯಬೇಕು. ಅದು ತನ್ನಿಂದ ನಿಯತವಾದ ದೂರದಲ್ಲಿರುವ ಒಂದೇ ಸಮತಲವನ್ನು ಬಿಂದುವಿಗೆ ಬಿಂದುವಾಗಿ ಮೂಡಿಸುತ್ತದೆ. ಆ ಸಮತಲಕ್ಕಿಂತ ಕೂದಲೆಳೆಯಷ್ಟು ಹಿಂದೆ ಅಥವಾ ಮುಂದೆ ಇರುವ ಬಿಂದುವು ಬಿಂದುವಾಗಿ ಉಳಿಯದೆ ಪುಟ್ಟ ಬಿಲ್ಲೆಯಾಗುತ್ತದೆ. ಬಿಲ್ಲೆ ಬಹಳ ಚಿಕ್ಕದಾಗಿದ್ದರೆ ನೋಡುವ ಕಣ್ಣು ಅದನ್ನು ಬಿಂದುವೆಂದೇ ಅಂಗೀಕರಿಸುತ್ತದೆ. ಹೀಗೆ ಅಂಗೀಕರಿಸಬಹುದಾದ ಮಸಕಿನ ಮೇರೆಯೊಳಗೆ ವಸ್ತುವಿನ ಎಷ್ಟು ದಪ್ಪ ಬರುವುದೋ ಅದಕ್ಕೆ ಸ್ಫುಟತೆಯ ಆಳವೆಂದು ಹೆಸರು. ಆದುದರಿಂದ ಈ ಆಳವು ನೊಣದಲ್ಲಿಯೂ ಇಲ್ಲ, ಮಸೂರದಲ್ಲಿಯೂ ಪೂರ್ತಿಯಾಗಿ ಇಲ್ಲ. ಹೆಚ್ಚಿನ ಪಾಲು ನೋಡುವವನ ಕ್ಷಮೆಯಲ್ಲಿದೆ.

ಆ ಕ್ಷಮೆಗೂ ಒಂದು ಅಳತೆಯನ್ನು ಗೊತ್ತುಮಾಡಿದ್ದಾರೆ. ೨೪ಕ್ಕೆ ೩೬ ಮಿಲಿಮೀಟರಿನ ಫಿಲ್ಮಿನ ಮೇಲೆ ಬಿಲ್ಲೆಯ ಅಗಲ ೦.೦೩ ಮಿಲಿಮೀಟರಿನವರೆಗೆ ಇರಬಹುದೆಂದು ರೂಢಿ. ಆ ಚಿತ್ರವನ್ನು ಎಂಟು ಪಟ್ಟು ಹಿಗ್ಗಿಸಿ, ದೊಡ್ಡ ಪುಸ್ತಕದ ಪುಟದಷ್ಟು ಮಾಡಿ, ಒಂದು ಗೇಣಿನ ದೂರದಲ್ಲಿ ಹಿಡಿದು ನೋಡಿದರೆ ಬಿಲ್ಲೆಯು ಹೆಚ್ಚುಕಡಮೆ ಕಾಲು ಮಿಲಿಮೀಟರಾಗುತ್ತದೆ; ಸಾಧಾರಣ ಕಣ್ಣು ಅದನ್ನು ಸಹಿಸಿಕೊಳ್ಳುತ್ತದೆ. ಅದೇ ಚಿತ್ರವನ್ನು ಮೂರು ಮೀಟರ್ ಅಗಲಕ್ಕೆ ಹಿಗ್ಗಿಸಿ ಗೋಡೆಗೆ ತೂಗಹಾಕಿದರೆ ಬಿಲ್ಲೆ ಎರಡೂವರೆ ಮಿಲಿಮೀಟರಾಗಿ, ಹತ್ತಿರ ಬಂದವನ ಕಣ್ಣಿಗೆ ರಾಚುತ್ತದೆ. ವಸ್ತು ಬದಲಾಗಲಿಲ್ಲ, ಫಿಲ್ಮೂ ಬದಲಾಗಲಿಲ್ಲ. ನಿನ್ನೆ ಸ್ಫುಟವಾಗಿದ್ದುದು ಇಂದು ಅಸ್ಫುಟವಾಯಿತು. ಅಂದಮೇಲೆ ಆಳವೆಷ್ಟೆಂದು ಕೇಳುವವನು, ಯಾರು ನೋಡುವುದಕ್ಕಾಗಿ, ಯಾವ ಪ್ರಯೋಜನಕ್ಕಾಗಿ ಎಂಬುದನ್ನು ಮೊದಲು ಹೇಳಬೇಕಾಗುತ್ತದೆ.

ಲೆಕ್ಕವೇನೂ ಕಠಿಣವಲ್ಲ. ಮಸೂರದ ರಂಧ್ರಸಂಖ್ಯೆಯನ್ನು ಬಿಲ್ಲೆಯ ಅಳತೆಯಿಂದ ಗುಣಿಸಿ ಇಮ್ಮಡಿಸಬೇಕು; ವರ್ಧನೆಗೆ ಒಂದನ್ನು ಕೂಡಿಸಿ ಬಂದುದರಿಂದ ಅದನ್ನು ಗುಣಿಸಿ, ವರ್ಧನೆಯ ವರ್ಗದಿಂದ ಭಾಗಿಸಬೇಕು. ವಸ್ತುವಿನಷ್ಟೇ ದೊಡ್ಡದಾದ ಪ್ರತಿಬಿಂಬವನ್ನು ರಂಧ್ರಸಂಖ್ಯೆ ೮ರಲ್ಲಿ ತೆಗೆದರೆ ಆಳವು ಸುಮಾರು ಒಂದು ಮಿಲಿಮೀಟರು. ಪ್ರತಿಬಿಂಬವನ್ನು ವಸ್ತುವಿನ ಐದರಷ್ಟು ಮಾಡಿದರೆ ಆಳವು ೦.೧೧೫ ಮಿಲಿಮೀಟರಿಗೆ ಇಳಿಯುತ್ತದೆ. ಐದು ಪಟ್ಟು ದೊಡ್ಡದಾಗಿ ಕಾಣಬೇಕೆಂಬ ಆಸೆಗೆ ಎಂಟು ಪಟ್ಟಿಗೂ ಮಿಕ್ಕ ದಂಡ! ವರ್ಧನೆ ಒಂದೇ ಆಗಿದ್ದರೆ, ಮಸೂರವನ್ನು ಬದಲಾಯಿಸಿ ಈ ದಂಡದಿಂದ ತಪ್ಪಿಸಿಕೊಳ್ಳುವಂತಿಲ್ಲ.

ರಂಧ್ರವನ್ನು ಕಿರಿದುಮಾಡಿದರೆ ಆಳ ಹೆಚ್ಚುತ್ತದೆಂದು ಈ ಲೆಕ್ಕವೇ ಹೇಳುತ್ತದೆ. ಹೊಸಬರು ಅದನ್ನು ನಂಬಿ ಕೆಡುವುದುಂಟು. ಐದು ಪಟ್ಟು ವರ್ಧನೆಯಲ್ಲಿ ೮ ಎಂದು ಗುರುತಿಟ್ಟ ರಂಧ್ರವು ಸಾಮಾನ್ಯವಾಗಿ ೪೮ರಂತೆ ವರ್ತಿಸುತ್ತದೆ. ಅಂತಹ ಇಕ್ಕಟ್ಟಿನಲ್ಲಿ ನುಸುಳುವ ಬೆಳಕು ತಾನಾಗಿಯೇ ಹರಡಿಕೊಂಡು, ಸಮತಲದ ಮೇಲೆಯೇ ಇರುವ ಬಿಂದುವನ್ನೂ, ಹಸುರು ಬೆಳಕಿನ ಲೆಕ್ಕದಲ್ಲಿ, ೦.೦೬೪ ಮಿಲಿಮೀಟರಿನ ಬಿಲ್ಲೆಯನ್ನಾಗಿ ಮಾಡುತ್ತದೆ. ಇದು ಅಂಗೀಕರಿಸಿದ ಮೇರೆಯ ಇಮ್ಮಡಿಗೂ ಹೆಚ್ಚು. ಎಲ್ಲವನ್ನೂ ಸಮನಾಗಿ ತಿಳಿಯಹೊರಟವನು ಎಲ್ಲವನ್ನೂ ಸಮನಾಗಿ ಮಸಕುಗೊಳಿಸಿಕೊಂಡಂತಾಯಿತು. ರಂಧ್ರವನ್ನು ೨.೮ಕ್ಕೆ ತೆರೆದರೆ ಬೆಳಕಿನ ಹರಡಿಕೆ ಮೇರೆಯೊಳಗೆ ನಿಲ್ಲುತ್ತದೆ. ಆಗ ಆಳವು ೦.೦೪ ಮಿಲಿಮೀಟರು ಮಾತ್ರ. ಪೂರ್ಣವನ್ನು ಮಬ್ಬಾಗಿ ಕಾಣುವುದೋ, ಎಳೆಯೊಂದನ್ನು ಚೆನ್ನಾಗಿ ಕಾಣುವುದೋ, ಒಂದು ಸಾರಿಗೆ ಒಂದೇ ಸಾಧ್ಯ.

ಇದಕ್ಕೆ ಈಗಿನವರು ಕಂಡುಕೊಂಡ ಉಪಾಯ, ಎಳೆಗಳನ್ನು ಒಂದೊಂದಾಗಿ ತೆಗೆದು ಜೋಡಿಸುವುದು. ಮೂರು ಮಿಲಿಮೀಟರ್ ಆಳವುಳ್ಳ ಕೀಟವನ್ನು ೦.೦೩ ಮಿಲಿಮೀಟರಿನ ಹೆಜ್ಜೆಗಳಲ್ಲಿ ದಾಟಿದರೆ ನೂರು ಚಿತ್ರಗಳಾಗುತ್ತವೆ. ಪ್ರತಿಯೊಂದರ ಸ್ಫುಟಭಾಗವನ್ನು ಕಂಪ್ಯೂಟರು ಆರಿಸಿ ಒಂದೇ ಚಿತ್ರವನ್ನಾಗಿ ಹೊಲಿಯುತ್ತದೆ. ಲೆವನ್ ಬಿಸ್ ಎಂಬ ಛಾಯಾಗ್ರಾಹಕನು ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ಪ್ರಾಕೃತಿಕ ಇತಿಹಾಸ ವಸ್ತುಸಂಗ್ರಹಾಲಯದ ಕೀಟಗಳನ್ನು ಹೀಗೆ ತೆಗೆದು ೨೦೧೬ರಲ್ಲಿ ಅಲ್ಲಿಯೇ ಪ್ರದರ್ಶಿಸಿದನು. ಒಂದೊಂದು ಕೀಟಕ್ಕೆ ಸುಮಾರು ಎಂಟು ಸಾವಿರ ಚಿತ್ರಗಳು ಬೇಕಾದುವು.

ಈ ಚಿತ್ರವು ಸತ್ಯವೋ ಎಂಬುದು ಪ್ರಶ್ನೆ. ಯಾವ ಕಣ್ಣಿಗೂ, ಯಾವ ಕ್ಷಣದಲ್ಲಿಯೂ ಆ ಕೀಟವು ಹಾಗೆ ಕಂಡುದಿಲ್ಲ. ಆದುದರಿಂದ ಇದು ಕಲ್ಪನೆಯೆಂದು ಒಬ್ಬನು ಆಕ್ಷೇಪಿಸಬಹುದು. ಆದರೆ ಹಾಗೆಂದರೆ ರಾಬರ್ಟ್ ಹುಕ್‌ನನ್ನೂ ತಳ್ಳಿಹಾಕಬೇಕಾಗುವುದು. ೧೬೬೫ರಲ್ಲಿ ಪ್ರಕಟವಾದ ತನ್ನ ‘ಮೈಕ್ರೊಗ್ರಾಫಿಯಾ’ದ ಪೀಠಿಕೆಯಲ್ಲಿ ಅವನು, ವಸ್ತುವನ್ನು ಬಗೆಬಗೆಯ ಬೆಳಕುಗಳಲ್ಲಿಯೂ ನಿಲವುಗಳಲ್ಲಿಯೂ ಪರೀಕ್ಷಿಸಿ, ನಿಜವಾದ ಆಕಾರವು ಮನಸ್ಸಿಗೆ ಹತ್ತುವವರೆಗೆ ಬರೆಯತೊಡಗುತ್ತಿರಲಿಲ್ಲವೆಂದು ತಿಳಿಸಿದ್ದಾನೆ. ನೊಣದ ಕಣ್ಣು ಒಂದು ಬೆಳಕಿನಲ್ಲಿ ತೂತುಗಳ ಜಾಲರಿಯಂತೆಯೂ, ಬಿಸಿಲಿನಲ್ಲಿ ಚಿನ್ನದ ಮೊಳೆಗಳನ್ನು ಬಡಿದಂತೆಯೂ ಅವನಿಗೆ ತೋರಿತು. ಅವನು ಬರೆದುದು ಒಂದು ನೋಟವನ್ನಲ್ಲ, ನೋಟಗಳ ನಿರ್ಣಯವನ್ನು. ಜೈನ ತಾರ್ಕಿಕರ ಮಾತಿನಲ್ಲಿ ಹೇಳುವುದಾದರೆ ಒಂದೊಂದು ಎಳೆಯೂ ಒಂದೊಂದು ನಯ. ಉಳಿದ ನಯಗಳನ್ನು ನಿರಾಕರಿಸಿದಾಗ ಮಾತ್ರ ಅದು ದುರ್ನಯವಾಗುತ್ತದೆ.

ದೋಷವಿರುವುದು ಜೋಡಣೆಯಲ್ಲಲ್ಲ, ಬೇರೆ ಕಡೆ. ತನ್ನ ಆಳ ೦.೦೪ ಇರುವಲ್ಲಿ ೦.೧ ಎಂದು ಉದಾರವಾಗಿ ಅಂದಾಜುಮಾಡಿಕೊಂಡು ಉದ್ದುದ್ದ ಹೆಜ್ಜೆಯಿಟ್ಟವನು, ಎರಡು ಎಳೆಗಳ ನಡುವೆ ಯಾರೂ ಕಾಣದ ಪಟ್ಟೆಯೊಂದನ್ನು ಬಿಟ್ಟುಹೋಗುತ್ತಾನೆ. ಯಂತ್ರವು ಅಲ್ಲಿ ನಿಂತು ‘ಇದು ತಿಳಿಯದು’ ಎನ್ನುವುದಿಲ್ಲ. ಇದ್ದುದರಲ್ಲಿ ಕಡಮೆ ಮಸಕಾದುದನ್ನು ತಂದು ತುಂಬುತ್ತದೆ. ಒಂದರ ಮೇಲೊಂದು ಹಾಯುವ ರೋಮಗಳಲ್ಲಿ ಹೆಜ್ಜೆ ಚಿಕ್ಕದಾಗಿದ್ದರೂ ಅದು ಎಡವುತ್ತದೆ: ಮುಂದಿನ ರೋಮ ಪಾರದರ್ಶಕವಾಗಿ ತೋರುವುದುಂಟು, ಅಂಚಿಗೆ ಇಲ್ಲದ ಪ್ರಭಾವಳಿ ಮೂಡುವುದುಂಟು. ಹುಕ್‌ನು ಸಂಶಯಬಂದಲ್ಲಿ ಕೀಟವನ್ನು ತಿರುಗಿಸಿ ನೋಡಬಹುದಾಗಿತ್ತು. ಜೋಡಿಸುವ ಯಂತ್ರಕ್ಕೆ ಸಂಶಯವೇ ಬಾರದು. ಸಂಶಯಪಡುವ ಕೆಲಸ ಅದನ್ನು ನಡೆಯಿಸುವವನಿಗೇ ಉಳಿಯಿತು. ಅವನು ಆಳವನ್ನು ಕಡಮೆಯೆಂದೇ ಎಣಿಸಿ, ಎಳೆಯ ಮೇಲೆ ಎಳೆ ಸ್ವಲ್ಪ ಹಾಯುವಂತೆ ಹೆಜ್ಜೆಯಿಡಬೇಕು.

ಅಲಂಕಾರಕ್ಕಾಗಿ ತೂಗಿದ ಚಿತ್ರದಲ್ಲಿ ರೋಮವೊಂದು ಮಾಯವಾದರೆ ಹೆಚ್ಚಿನ ಹಾನಿಯಿಲ್ಲ. ಆದರೆ ನೊಣಗಳ ಜಾತಿಯನ್ನು ಬೇರ್ಪಡಿಸುವವರು ಎದೆಯ ಮೇಲಣ ಬಿರುಗೂದಲುಗಳು ಎಷ್ಟು, ಎಲ್ಲೆಲ್ಲಿ ಎಂಬುದನ್ನು ಎಣಿಸಿಯೇ ನಿರ್ಣಯಿಸುತ್ತಾರೆ. ಅವರ ಮುಂದೆ ಇಡುವ ಚಿತ್ರದೊಡನೆ ವರ್ಧನೆ, ರಂಧ್ರ, ಹೆಜ್ಜೆಯ ಅಳತೆ ಇವನ್ನು ಬರೆದಿಡುವುದೂ, ಹೊಲಿಯುವ ಮೊದಲಿನ ನೂರು ಚಿತ್ರಗಳನ್ನು ಅಳಿಸದೆ ಕಾಪಾಡುವುದೂ ಅವಶ್ಯವಾದುದು. ಯಾವ ರೋಮದ ವಿಷಯದಲ್ಲಿ ಸಂದೇಹ ಬಂದರೂ ಅದು ಯಾವ ಎಳೆಯಲ್ಲಿ ಕಂಡಿತೆಂದು ಹಿಂದಿರುಗಿ ಹುಡುಕಬಹುದು. ಯಾವ ಎಳೆಯಲ್ಲಿಯೂ ಸಿಕ್ಕದಿದ್ದರೆ ಎಣಿಕೆಯಿಂದ ಅದನ್ನು ತೆಗೆದುಹಾಕಬಹುದು.