ಕಳೆದ ದಿನಗಳ ಕ್ರಯ

ಧ್ಯಾನದ ಭಾಗ: ವಿಮೋಚನಕಾಂಡ 21ನೆಯ ಅಧ್ಯಾಯ, 18 ಮತ್ತು 19ನೆಯ ವಚನಗಳು



ಮೇಲೆ ಸೂಚಿಸಿದ ವೇದಭಾಗವನ್ನು ನಮ್ಮಲ್ಲಿ ಅನೇಕರು ಬೇಗನೆ ದಾಟಿಹೋಗುವರು. ಸೀನಾಯಿ ಬೆಟ್ಟದ ಗುಡುಗು ಮಿಂಚುಗಳ ನಡುವೆ ಕೊಡಲ್ಪಟ್ಟ ಹತ್ತು ಆಜ್ಞೆಗಳನ್ನು ಭಯಭಕ್ತಿಯಿಂದ ಓದುತ್ತೇವೆ. ಆದರೆ ಅವುಗಳ ತರುವಾಯ ಬರುವ ಎತ್ತು, ಕತ್ತೆ, ಗುಂಡಿ, ಪೆಟ್ಟು, ಗಾಯ ಎಂಬವುಗಳ ವಿಧಿಗಳು ನಮಗೆ ಪಂಚಾಯಿತಿ ಕಟ್ಟೆಯ ಮಾತುಗಳಂತೆ ತೋರುತ್ತವೆ. ಹಾಗಾದರೂ ಬೆಟ್ಟದಲ್ಲಿ ಮಾತಾಡಿದ ದೇವರೇ ಕಟ್ಟೆಯಲ್ಲಿಯೂ ಮಾತಾಡಿದನಲ್ಲವೋ?

ಈ ಭಾಗದಲ್ಲಿರುವ ಸಂಗತಿ ಏನಂದರೆ, ಇಬ್ಬರು ಜಗಳವಾಡುವಾಗ ಒಬ್ಬನು ಪೆಟ್ಟುತಿಂದು ಸಾಯದೆ ಹಾಸಿಗೆ ಹಿಡಿಯುತ್ತಾನೆ. ಕೆಲವು ದಿವಸಗಳ ಮೇಲೆ ಕೋಲೂರಿಕೊಂಡು ಹೊರಗೆ ತಿರುಗಾಡುತ್ತಾನೆ. ಆಗ ಹೊಡೆದವನಿಗೆ ಮರಣದಂಡನೆ ಇಲ್ಲ. ಆದರೆ ಅವನ ಮೇಲೆ ಎರಡು ಸಾಲಗಳು ನಿಲ್ಲುತ್ತವೆ. ಮಲಗಿದ್ದವನು ಕೆಲಸವಿಲ್ಲದೆ ಕಳೆದ ದಿನಗಳ ಕ್ರಯವನ್ನು ಕೊಡಬೇಕು, ಮತ್ತು ಅವನನ್ನು ಪೂರ್ಣವಾಗಿ ಗುಣಪಡಿಸಬೇಕು. ದಿನಗೂಲಿಯಿಂದ ಜೀವಿಸುವ ಜನರೇ, ಇದನ್ನು ಗಮನವಿಟ್ಟು ನೋಡಿರಿ. ತೋಟದ ರೈಟರನ ಹಾಜರಿ ಪುಸ್ತಕದಲ್ಲಿ ಖಾಲಿ ಬಿದ್ದ ನಿಮ್ಮ ದಿನಗಳು ದೇವರ ಪುಸ್ತಕದಲ್ಲಿ ಲೆಕ್ಕಕ್ಕೆ ಬಂದಿರುತ್ತವೆ.

ನಮ್ಮ ಮಲ್ಲಂದೂರಿನ ಸೀಮೆಯಲ್ಲಿ ಈ ಮಾತನ್ನು ಕುರಿತು ಆಲೋಚಿಸುವದಕ್ಕೆ ಕಾರಣವುಂಟು. ಈಗ ಮನೆಗೊಂದು ಮೋಟಾರ್ ಸೈಕಲ್ ಬಂದಿದೆ. ತೋಟಕ್ಕೆ ಹೋಗುವದು, ಮಕ್ಕಳನ್ನು ಶಾಲೆಗೆ ಬಿಡುವದು, ಚಿಕ್ಕಮಗಳೂರಿನ ಸಂತೆಗೆ ಹೋಗಿಬರುವದು ಎಲ್ಲವೂ ಅದರ ಮೇಲೆಯೇ. ಮಳೆಗಾಲದಲ್ಲಿ ಕೊಳೆತ ಎಲೆಯೂ ಕೆಸರೂ ತಿರುವುಗಳಲ್ಲಿ ತುಂಬಿರುತ್ತವೆ. ಮಂಜಿನಲ್ಲಿ ಎದುರಿನ ಜೀಪು ಕಾಣುವದಿಲ್ಲ. ಭದ್ರಾ ಅರಣ್ಯದ ಅಂಚಿನಲ್ಲಿ ಕಾಡುಕೋಣವು ದಾರಿಯನ್ನು ಅಡ್ಡಹಾಯುತ್ತದೆ. ಕೈಕಾಲು ಮುರಿದು ತಿಂಗಳುಗಟ್ಟಲೆ ಮಲಗಿದವರು ನಮ್ಮ ಸಭೆಗಳಲ್ಲಿಯೂ ಇದ್ದಾರೆ.

ಇವರಲ್ಲಿ ಕೆಲವರು, "ಇದು ದೇವರ ಚಿತ್ತ, ಇದಕ್ಕೆ ಹಣ ಕೇಳುವದು ಅವಿಶ್ವಾಸವಲ್ಲವೇ?" ಎನ್ನುತ್ತಾರೆ. ಮೋಶೆಯ ಧರ್ಮಶಾಸ್ತ್ರವೇ ಇದಕ್ಕೆ ಉತ್ತರ ಕೊಟ್ಟಿದೆ. ಗಾಯದ ಕ್ರಯವನ್ನು ಕೊಡಿಸುವದು ದೇವರ ಚಿತ್ತವಾಗಿದ್ದರೆ, ಅದನ್ನು ಕೇಳುವದು ಅವಿಶ್ವಾಸವಾಗುವದು ಹೇಗೆ? ಮತ್ತೆ ಕೆಲವರು, ಪೌಲನು ಕೊರಿಂಥದವರಿಗೆ ನ್ಯಾಯಸ್ಥಾನದ ಮೆಟ್ಟಿಲು ಹತ್ತಬಾರದೆಂದು ಬರೆದನಲ್ಲಾ ಎನ್ನುತ್ತಾರೆ. ಅವನು ಖಂಡಿಸಿದ್ದು ಸಹೋದರನು ಸಹೋದರನನ್ನು ದುರಾಶೆಯಿಂದ ಎಳೆದಾಡುವದನ್ನು. ತನಗೆ ನ್ಯಾಯ ತಪ್ಪುವ ಸಮಯದಲ್ಲಿ ಅದೇ ಪೌಲನು ಕೈಸರನ ಮುಂದೆ ವಿಚಾರಣೆಯಾಗಬೇಕೆಂದು ಕೇಳಿಕೊಂಡನೆಂಬದನ್ನು ಅಪೊಸ್ತಲರ ಕೃತ್ಯಗಳ 25ನೆಯ ಅಧ್ಯಾಯದಲ್ಲಿ ಓದುತ್ತೇವೆ.

ಆದರೆ ನಿಮಗೆ ಗುದ್ದಿದವನು ನಿಮ್ಮ ಸಭೆಯವನೇ ಆಗಿದ್ದರೆ ಏನು ಮಾಡುವದು? ಇಂಥಾದ್ದು ನಡೆಯುತ್ತದೆ. ಮೊದಲು ಅವನ ಮನೆಗೆ ಹೋಗಿ ಮಾತಾಡಿರಿ. ಅರ್ಜಿಯಲ್ಲಿ ಅವನ ಹೆಸರು ಬರುವದೆಂದೂ, ಹಣವನ್ನು ಕೇಳುವದು ಅವನು ವಿಮೆ ಕಟ್ಟಿದ ಕಂಪನಿಯಿಂದಲೇ ಎಂದೂ ಮುಂಚಿತವಾಗಿ ತಿಳಿಸಿರಿ. ಸಮನ್ಸು ಬಂದ ದಿನ ಅವನು ಮೊದಲ ಸಾರಿ ಸುದ್ದಿ ತಿಳಿಯುವಂತೆ ಮಾಡಬಾರದು. ಅವನ ವಿಮೆಯ ಗಡುವು ಮುಗಿದುಹೋಗಿದ್ದರೆ ಮಾತು ಬೇರೆ. ಆಗ ಪರಿಹಾರದ ಭಾರವು ಅವನ ಹಸುವಿನ ಮೇಲೂ ಅರ್ಧ ಎಕರೆ ಕಾಫಿಯ ಮೇಲೂ ಬೀಳುವದು. ಆದಕಾರಣವೇ 1988ರ ಮೋಟಾರು ವಾಹನಗಳ ಕಾಯಿದೆಯು ಮೂರನೆಯ ಪಕ್ಷದ ವಿಮೆಯಿಲ್ಲದೆ ಯಾವ ವಾಹನವೂ ರಸ್ತೆಗೆ ಇಳಿಯಬಾರದೆಂದು ವಿಧಿಸಿದೆ. ಮಾಳಿಗೆ ಕಟ್ಟುವವನು ಇನ್ನೊಬ್ಬನು ಬೀಳದಂತೆ ಸುತ್ತಲೂ ಗೋಡೆ ಇಡಬೇಕೆಂದು ಧರ್ಮೋಪದೇಶಕಾಂಡದ 22ನೆಯ ಅಧ್ಯಾಯದಲ್ಲಿ ಇದೆಯಷ್ಟೆ. ವಿಮೆಯ ಕಂತು ಆ ಗೋಡೆಯೇ. ಪೊಲೀಸಿನವನಿಗೆ ತೋರಿಸುವದಕ್ಕಾಗಿ ಕಟ್ಟುವ ದುಡ್ಡೆಂದು ಎಣಿಸುವವನು ಅದರ ಅರ್ಥವನ್ನೇ ತಿಳಿಯಲಿಲ್ಲ.

ಇನ್ನು ದಾರಿಯಲ್ಲಿ ಬಿದ್ದವನ ಕಡೆಗೆ ತಿರುಗೋಣ. ಯೆರಿಕೋವಿನ ದಾರಿಯಲ್ಲಿ ಯಾಜಕನೂ ಲೇವಿಯನೂ ಪಕ್ಕಕ್ಕೆ ಸರಿದುಹೋದರು. ನಮ್ಮ ಕಾಲದಲ್ಲಿ ಸರಿದುಹೋಗುವವರು, "ಮುಟ್ಟಿದರೆ ಕೋರ್ಟಿಗೆ ಅಲೆಯಬೇಕು" ಎಂದು ನೆಪ ಹೇಳುತ್ತಾರೆ. ಈ ನೆಪವನ್ನು ಸರ್ಕಾರವು ತೆಗೆದುಹಾಕಿದೆ. 2019ರ ತಿದ್ದುಪಡಿಯಿಂದ ಮೋಟಾರು ವಾಹನಗಳ ಕಾಯಿದೆಗೆ ಸೇರಿದ ವಿಧಿಯ ಪ್ರಕಾರ, ಒಳ್ಳೇ ಮನಸ್ಸಿನಿಂದ ಸಹಾಯಮಾಡಿದವನ ಮೇಲೆ ಮೊಕದ್ದಮೆ ಇಲ್ಲ, ತನ್ನ ಹೆಸರು ಹೇಳಬೇಕೆಂಬ ಬಲವಂತವೂ ಇಲ್ಲ. 2016ನೆಯ ಇಸವಿಯ ಫೆಬ್ರವರಿ 16ರಂದು ನೆಲಮಂಗಲದ ಬಳಿ ಬೈಕಿನಲ್ಲಿ ಹೋಗುತ್ತಿದ್ದ ಹರೀಶ್ ನಂಜಪ್ಪ ಎಂಬ ಯೌವನಸ್ಥನು ಲಾರಿಗೆ ಸಿಕ್ಕಿ ದೇಹವು ಎರಡಾದಾಗಲೂ, ತನ್ನ ಅಂಗಗಳನ್ನು ಬೇರೆಯವರಿಗೆ ಕೊಡಿರೆಂದು ಸುತ್ತಲಿದ್ದವರನ್ನು ಬೇಡಿಕೊಂಡನು. ಅವನ ಕಣ್ಣುಗಳು ದಾನವಾದವು. ಅದೇ ವರ್ಷ ಕರ್ನಾಟಕ ಸರ್ಕಾರವು ಅವನ ಹೆಸರಿನಲ್ಲಿ, ಅಪಘಾತದ ಮೊದಲ 48 ಗಂಟೆಗಳಲ್ಲಿ 25,000 ರೂಪಾಯಿಯ ವರೆಗಿನ ಚಿಕಿತ್ಸೆಗೆ ಏರ್ಪಾಡು ಮಾಡಿತು. 2025ರ ಮೇ ತಿಂಗಳಲ್ಲಿ ಕೇಂದ್ರ ಸರ್ಕಾರವು ಪ್ರಕಟಿಸಿದ ಯೋಜನೆಯ ಪ್ರಕಾರ, ರಸ್ತೆಯಲ್ಲಿ ವಾಹನದಿಂದ ಗಾಯಗೊಂಡ ಯಾರಿಗಾದರೂ ನೇಮಿಸಲ್ಪಟ್ಟ ಆಸ್ಪತ್ರೆಗಳಲ್ಲಿ ಏಳು ದಿನಗಳ ತನಕ ಒಂದೂವರೆ ಲಕ್ಷ ರೂಪಾಯಿಯ ಚಿಕಿತ್ಸೆಯು ಮುಂಗಡ ಹಣವಿಲ್ಲದೆ ಸಿಕ್ಕಬೇಕು. ಆದುದರಿಂದ ಕೈಯಲ್ಲಿ ಹಣವಿಲ್ಲವೆಂದು ಗಾಯಗೊಂಡವನನ್ನು ಮನೆಗೆ ಹೊತ್ತುಕೊಂಡು ಹೋಗಬೇಡಿರಿ. 112 ಇಲ್ಲವೆ 108ಕ್ಕೆ ಕರೆಮಾಡಿರಿ. ಆಸ್ಪತ್ರೆಯಲ್ಲಿ ಇದು ರಸ್ತೆಯ ಅಪಘಾತವೆಂದು ಬಾಯಿಬಿಟ್ಟು ಹೇಳಿ ಬರೆಸಿರಿ. ಅಂಜಿಕೆಯಿಂದ "ಮೆಟ್ಟಿಲಿನಿಂದ ಬಿದ್ದನು" ಎಂದು ಬರೆಸಿದ ಒಂದು ಸಾಲು ಮುಂದೆ ಆ ಮನೆಯವರ ಎಲ್ಲಾ ಹಕ್ಕನ್ನೂ ಮುರಿದುಹಾಕಬಹುದು.

ಕಾಗದಪತ್ರಗಳ ವಿಷಯವನ್ನು ಸಂಕ್ಷೇಪವಾಗಿ ಹೇಳುತ್ತೇನೆ. ಪೊಲೀಸ್ ಠಾಣೆಯಲ್ಲಿ ತಡಮಾಡದೆ ದೂರು ಕೊಟ್ಟು ಎಫ್.ಐ.ಆರ್. ಪ್ರತಿಯನ್ನು ಪಡೆಯಿರಿ, ದೂರುಕೊಟ್ಟವನಿಗೆ ಅದು ಉಚಿತ. ಗಾಯದ ಪ್ರಮಾಣಪತ್ರ, ಎಕ್ಸ್‌ರೇ, ಡಿಸ್ಚಾರ್ಜ್ ಚೀಟಿ, ಔಷಧದ ಬಿಲ್ಲುಗಳು, ಆಸ್ಪತ್ರೆಗೆ ಹೋಗಿಬಂದ ಜೀಪಿನ ಬಾಡಿಗೆಯ ರಸೀದಿ, ಇವೆಲ್ಲವನ್ನೂ ಇಲಿ ಮುಟ್ಟದ ಡಬ್ಬಿಯಲ್ಲಿ ಇಡಿರಿ. ಕಳೆದ ದಿನಗಳ ಕ್ರಯವನ್ನು ತೋರಿಸುವದಕ್ಕೆ ತೋಟದ ಸಂಬಳದ ಚೀಟಿ ಅವಶ್ಯ. ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಗೆ ಆರು ತಿಂಗಳೊಳಗೆ ಅರ್ಜಿ ಕೊಡಬೇಕೆಂದು ಈಗಿನ ಕಾಯಿದೆಯಲ್ಲಿದೆ. ಅಪಘಾತವಾದ ಊರಿನಲ್ಲಿಯೇ ಕೊಡಬೇಕೆಂದಿಲ್ಲ, ನೀವು ವಾಸಿಸುವ ಸೀಮೆಯಲ್ಲಿಯೂ ಕೊಡಬಹುದು. ಗುದ್ದಿ ಓಡಿಹೋದ ವಾಹನವು ಯಾವದೆಂದು ತಿಳಿಯದಿದ್ದರೆ, ಸತ್ತವನ ಮನೆಯವರಿಗೆ ಎರಡು ಲಕ್ಷ, ಕಠಿಣ ಗಾಯವಾದವನಿಗೆ 50,000 ರೂಪಾಯಿ ಕೊಡುವ ಏರ್ಪಾಡು 2022ರ ಏಪ್ರಿಲ್ 1ರಿಂದ ಉಂಟು. ಅದಕ್ಕೆ ತಹಶೀಲ್ದಾರರ ಅಥವಾ ಉಪವಿಭಾಗಾಧಿಕಾರಿಗಳ ಕಚೇರಿಯಲ್ಲಿ ವಿಚಾರಿಸಿರಿ. ವಕೀಲರಿಗೆ ಕೊಡಲು ಹಣವಿಲ್ಲದವರಿಗೆ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರವಿದೆ. ಸ್ತ್ರೀಯರಿಗೂ ಅಂಗವಿಕಲರಿಗೂ ಆದಾಯವನ್ನು ನೋಡದೆ ಅಲ್ಲಿ ಉಚಿತ ವಕೀಲರು ದೊರೆಯುವರು. ಬಂದ ಹಣದಲ್ಲಿ ಇಷ್ಟು ಪಾಲು ಎಂದು ಮಾತಾಡಿಕೊಳ್ಳುವದು ವಕೀಲರ ನಿಯಮಗಳಿಗೇ ವಿರುದ್ಧವಾದದ್ದು. ಆಸ್ಪತ್ರೆಯ ಬಾಗಿಲಲ್ಲಿ ಕಾದು ನಿಂತು "ನಾನೇ ಎಲ್ಲಾ ಮಾಡಿಸುತ್ತೇನೆ, ಅರ್ಧ ನನಗೆ" ಎನ್ನುವ ದಲ್ಲಾಳಿಯನ್ನು ಕಂಡರೆ ದೂರ ಹೋಗಿರಿ.

ಈಗ ನಮ್ಮ ವೇದಭಾಗದಲ್ಲಿರುವ ಕೋಲಿನ ಮಾತಿಗೆ ಬರುತ್ತೇನೆ. ಮಲಗಿದ್ದವನು ಎದ್ದು ಕೋಲೂರಿ ನಡೆದನು. ನೋಡಿದವರು, "ವಾಸಿಯಾಯಿತು" ಎಂದಾರು. ಆದರೆ ಧರ್ಮಶಾಸ್ತ್ರವು ಅಲ್ಲಿಗೆ ನಿಲ್ಲದೆ, ಅವನು ಪೂರ್ಣವಾಗಿ ಗುಣವಾಗುವ ತನಕ ಸಾಲವು ತೀರಲಿಲ್ಲವೆನ್ನುತ್ತದೆ. ಕಂಪನಿಯವರು ಒಂದು ಮೊತ್ತವನ್ನು ತೋರಿಸಿ, ಇನ್ನು ಯಾವ ಬಾಕಿಯೂ ಇಲ್ಲವೆಂದು ಬರೆದ ಕಾಗದಕ್ಕೆ ರುಜುಮಾಡಿರೆನ್ನುವದು ಅನೇಕಸಾರಿ ಈ ಊರುಗೋಲಿನ ಕಾಲದಲ್ಲಿಯೇ. ಅಕ್ಕಿಯ ಅಂಗಡಿಯಲ್ಲಿ ಸಾಲ ಬೆಳೆದಿರುವಾಗ ಆ ಮೊತ್ತವು ದೊಡ್ಡದಾಗಿ ಕಾಣುವದು. ಮೂಳೆ ಕೂಡಿತೋ, ಒಳಗಿನ ಸರಳನ್ನು ತೆಗೆಯಬೇಕೋ, ಮಂಡಿ ಮಡಚುವದೋ ಎಂಬದನ್ನು ವೈದ್ಯರು ಹೇಳುವ ಮೊದಲು ರುಜುಮಾಡಬೇಡಿರಿ. ಲೋಕ ಅದಾಲತ್ತಿನಲ್ಲಿ ಒಪ್ಪಿದ ಮೇಲೆ ಅಪೀಲು ಇರುವದಿಲ್ಲವಾದ ಕಾರಣ, ಅಲ್ಲಿಗೆ ಹೋಗುವ ಮುಂಚೆಯೇ ಇದನ್ನೆಲ್ಲಾ ತಿಳುಕೊಂಡಿರಬೇಕು. ಅರ್ಜಿಯನ್ನು ಬೇಗನೆ ಕೊಡಿರಿ, ರಾಜಿಯನ್ನು ನಿಧಾನವಾಗಿ ಮಾಡಿರಿ.

ಕೆಲಸಕ್ಕೆ ಹಿಂತಿರುಗುವದರಲ್ಲಿಯೂ ಇದೇ ಕ್ರಮ. ಕೊಯಿಲು ಕೈತಪ್ಪುವದೆಂದು ಅರ್ಧ ಕೂಡಿದ ಕಾಲಿನಲ್ಲಿ ಇಳಿಜಾರಿನ ತೋಟಕ್ಕೆ ಇಳಿದು ಮತ್ತೆ ಮುರಿದುಕೊಂಡರೆ ಏನು ಲಾಭ? ಪ್ಲಾಸ್ಟರನ್ನು ಬಿಚ್ಚಿಸಿ ಎಣ್ಣೆ ತಿಕ್ಕಿಸುವ ಅವಸರವೂ ಬೇಡ. ಕೆಲವರಿಗೆ ದೇಹವು ವಾಸಿಯಾದರೂ ಲಾರಿಯ ಹಾರನ್ ಕೇಳಿದರೆ ಕೈ ನಡುಗುತ್ತದೆ, ರಾತ್ರಿ ನಿದ್ರೆ ಬರುವದಿಲ್ಲ. ಇದು ನಂಬಿಕೆಯ ಕೊರತೆಯಲ್ಲ, ಗಾಯದ ಒಂದು ಭಾಗವೇ. ಅಂಥವರು ವೈದ್ಯರಿಗೆ ಹೇಳಲಿ. ಸಭೆಯ ಹಿರಿಯರು ಅವರ ಬಳಿ ಹೋಗಿ, ಉಪದೇಶಕ್ಕಿಂತ ಹೆಚ್ಚಾಗಿ ಕಿವಿಯನ್ನು ಕೊಡಲಿ.

ಪ್ರಿಯರೇ, ಇಷ್ಟರ ವರೆಗೆ ನಮಗೆ ಬರಬೇಕಾದದ್ದನ್ನು ಕುರಿತು ಹೇಳಿದೆನು. ಬರಬಾರದ್ದನ್ನು ಕುರಿತು ಹೇಳುವದು ಹೆಚ್ಚು ಕಷ್ಟ. ನಮ್ಮ ಬೆಟ್ಟಗಳ ಒಂದು ಸಭೆಯ ಯೌವನಸ್ಥನು ಕಾಫಿ ಕೊಯಿಲಿನ ಕಾಲದಲ್ಲಿ ಬೆಳಗಿನ ಮಂಜಿನೊಳಗೆ ಬೈಕಿನಲ್ಲಿ ಹೋಗುವಾಗ, ಕಾಡುಕೋಣವು ಅಡ್ಡ ಬಂದದರಿಂದ ಬಿದ್ದು ಮೊಣಕಾಲಿನ ಕೆಳಗೆ ಎಲುಬು ಮುರಿದುಕೊಂಡನು. ಬೇರೆ ವಾಹನವಿರಲಿಲ್ಲ. ಅವನ ಪಾಲಿಸಿಯಲ್ಲಿ ಮಾಲಿಕನಿಗೆಂದು ಇದ್ದ 15 ಲಕ್ಷದ ಅಪಘಾತ ವಿಮೆಯು ಮರಣಕ್ಕೂ ಶಾಶ್ವತವಾದ ಅಂಗನಷ್ಟಕ್ಕೂ ಮಾತ್ರ ಸಲ್ಲುವಂಥದು. ಕೂಡುವ ಎಲುಬಿಗೆ ಅದರಿಂದ ಕಾಸೂ ಇಲ್ಲ. ಆಗ ನೆಂಟರು ಬಂದು, "ಚಿಕ್ಕಪ್ಪನ ಜೀಪಿಗೆ ವಿಮೆ ಇದೆ. ಜೀಪು ಗುದ್ದಿತೆಂದು ಬರೆಸೋಣ. ಕಂಪನಿಯ ಹಣ, ಯಾರ ಮನೆಯೂ ಹಾಳಾಗುವದಿಲ್ಲ. ಸಾಕ್ಷಿಗೆ ಪ್ರಾರ್ಥನಾಕೂಟದ ಇಬ್ಬರು ಸಾಕು" ಅಂದರು.

ಈ ಮಾತನ್ನು ಹೇಳಿದವರು ಕೆಟ್ಟವರಲ್ಲ. ಹಸಿದ ಮನೆಯನ್ನು ಕಂಡು ಹೇಳಿದರು. ಆದರೂ ಅದರೊಳಗೆ ಏನಿತ್ತೆಂದು ಬಿಚ್ಚಿ ನೋಡಿರಿ. ಜೀಪು ಗುದ್ದಿತೆಂದು ಬರೆದ ಕ್ಷಣವೇ ಚಿಕ್ಕಪ್ಪನು ಅಜಾಗರೂಕತೆಯಿಂದ ವಾಹನ ನಡಿಸಿದ ಅಪರಾಧಿಯಾಗಿ ಕಟಕಟೆಯಲ್ಲಿ ನಿಲ್ಲಬೇಕು. ಇಬ್ಬರು ವಿಶ್ವಾಸಿಗಳು ಪ್ರಮಾಣಮಾಡಿ, ಕಾಣದ್ದನ್ನು ಕಂಡೆವೆನ್ನಬೇಕು. ನೆರೆಯವನ ಮೇಲೆ ಸುಳ್ಳುಸಾಕ್ಷಿ ಬೇಡವೆಂಬ ಆಜ್ಞೆಯು ಅವನು ಸಂತೋಷದಿಂದ ಒಪ್ಪಿಕೊಂಡರೂ ಮುರಿಯಲ್ಪಡುವದು. ಇದಲ್ಲದೆ, ಸುಳ್ಳು ಅರ್ಜಿಗಳು ಹೆಚ್ಚಿದಷ್ಟೂ ನಿಜವಾದ ಅರ್ಜಿಯನ್ನು ಸಂಶಯದಿಂದ ನೋಡುವರು. ಉತ್ತರ ಪ್ರದೇಶದಲ್ಲಿ ಇಂಥಾ ಅರ್ಜಿಗಳು ಎಷ್ಟೋ ಹೆಚ್ಚಾದ್ದರಿಂದ ಅಲಹಾಬಾದಿನ ಹೈಕೋರ್ಟು 2015ರಲ್ಲಿ ಅವುಗಳ ತನಿಖೆಗೆಂದೇ ಒಂದು ವಿಶೇಷ ತಂಡವನ್ನು ನೇಮಿಸಬೇಕಾಯಿತು. ನಾಳೆ ಮಲ್ಲಂದೂರಿನ ಒಬ್ಬ ವಿಧವೆಯು ತನ್ನ ಗಂಡನನ್ನು ನಿಜವಾಗಿ ಜೀಪು ಕೊಂದಿತೆಂದು ಅಳುವಾಗ, ಕಂಪನಿಯವನು ನಮ್ಮ ಸುಳ್ಳನ್ನು ನೆನಸಿ ತಲೆಯಾಡಿಸಿದರೆ, ಯಾರ ಮನೆಯೂ ಹಾಳಾಗಲಿಲ್ಲವೆಂದು ಹೇಳಬಹುದೋ?

ಆ ಯೌವನಸ್ಥನು ಕಾಡುಕೋಣವೆಂದೇ ಹೇಳಿಕೆ ಕೊಟ್ಟನು. ಪರಿಹಾರ ಬರಲಿಲ್ಲ. ಅವನ ಹೆಂಡತಿಯು ಒಂದು ಜೊತೆ ಓಲೆಯನ್ನು ಅಡವಿಟ್ಟಳು. ಸಭೆಯವರು ಮೂರು ಭಾನುವಾರ ಆರಾಧನೆಯ ತರುವಾಯ ಹೋಗಿ ಅವನ ಸ್ವಂತ ಗಿಡಗಳ ಹಣ್ಣನ್ನು ಕೊಯ್ದು ಕಣದಲ್ಲಿ ಹರವಿ ಕೊಟ್ಟರು. ಸಬ್ಬತ್ತಿನ ದಿನ ಕೆಲಸಮಾಡಿದಿರೋ ಎಂದು ಕೇಳಿದವರೂ ಇದ್ದರು. ಗುಂಡಿಗೆ ಬಿದ್ದ ಕುರಿಯ ವಿಷಯವಾಗಿ ನಮ್ಮ ಕರ್ತನು ಕೇಳಿದ ಪ್ರಶ್ನೆಯೇ ಅವರಿಗೆ ಸಾಕಾದ ಉತ್ತರ.

ಇನ್ನೊಂದು ಎಚ್ಚರಿಕೆ ಬಾಡಿಗೆಯಿಲ್ಲದೆ ಎರವಲು ತಂದ ಬೈಕನ್ನು ಕುರಿತದ್ದು. ಎರವಲು ತಂದ ಪಶುವು ಒಡೆಯನು ಹತ್ತಿರ ಇಲ್ಲದಾಗ ಕೆಟ್ಟರೆ, ತಂದವನೇ ಅದನ್ನು ತುಂಬಿಕೊಡಬೇಕೆಂದು ವಿಮೋಚನಕಾಂಡದ 22ನೆಯ ಅಧ್ಯಾಯವು ಹೇಳುತ್ತದೆ. ನಮ್ಮ ದೇಶದ ನ್ಯಾಯವೂ ಎರವಲು ತಂದವನನ್ನು ಒಡೆಯನ ಸ್ಥಾನದಲ್ಲಿಯೇ ನಿಲ್ಲಿಸಿದೆ. ಇಳಕಲ್ಲು–ಕುಷ್ಟಗಿ ಹೆದ್ದಾರಿಯಲ್ಲಿ ಒಬ್ಬನು ಸ್ನೇಹಿತನ ಬೈಕನ್ನು ತಂದು, ಮುಂದೆ ಹೋಗುತ್ತಿದ್ದ ಎತ್ತಿನ ಗಾಡಿಗೆ ಗುದ್ದಿ ಸತ್ತನು. ತಪ್ಪು ಯಾರದೆಂದು ತೋರಿಸದೆಯೇ ಪರಿಹಾರ ಕೊಡುವ ವಿಧಿಯ ಪ್ರಕಾರ ಅವನ ಹೆಂಡತಿ ಕೇಳಿದ ಹಣವು, ಅವನು ಒಡೆಯನ ಸ್ಥಾನದಲ್ಲಿ ಇದ್ದವನಾದ್ದರಿಂದ, ಆ ವಿಧಿಯಿಂದ ಸಿಕ್ಕಲಾರದೆಂದು 2009ರಲ್ಲಿ ಸರ್ವೋಚ್ಚ ನ್ಯಾಯಾಲಯವು ಹೇಳಿತು. ಆದಕಾರಣ ಎರವಲು ಬೈಕು ಹತ್ತುವ ಹುಡುಗರು, ಬಿದ್ದರೆ ತಮ್ಮ ಮನೆಗೆ ಏನೂ ಬಾರದೆ ಹೋಗಬಹುದೆಂಬದನ್ನು ತಿಳಿದು ಹತ್ತಲಿ. ಬ್ಯಾಂಕಿನಲ್ಲಿ ಖಾತೆಯುಳ್ಳ 18ರಿಂದ 70 ವರುಷದವರಿಗೆ, ವರುಷಕ್ಕೆ 20 ರೂಪಾಯಿಗೆ ಎರಡು ಲಕ್ಷದ ಅಪಘಾತ ವಿಮೆ ಕೊಡುವ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆ ಇದೆ. ಬೈಕು ಯಾರದಾದರೂ ಅದು ಸಲ್ಲುವದು. ಮೇ ತಿಂಗಳ ಕೊನೆಯಲ್ಲಿ ಖಾತೆಯಲ್ಲಿ ಆ 20 ರೂಪಾಯಿ ಇರುವಂತೆ ನೋಡಿಕೊಳ್ಳಿರಿ.

ಕಡೆಯದಾಗಿ, ಬಂದ ಹಣದ ಮಾತು. ನ್ಯಾಯಮಂಡಳಿಯವರು ಅನೇಕಸಾರಿ ಒಂದು ಭಾಗವನ್ನು ಬ್ಯಾಂಕಿನಲ್ಲಿ ಠೇವಣಿ ಇಡಿಸುವರು. ಅದಕ್ಕೆ ಗೊಣಗುವವರಿದ್ದಾರೆ, ವಿಧವೆಯರ ಹಣಕ್ಕೆ ಮೈದುನಂದಿರು ಕೈಹಾಕುವದನ್ನು ಕಂಡಿರುವ ನನಗೆ ಅದು ಒಳ್ಳೇ ಏರ್ಪಾಡೆಂದೇ ತೋರುತ್ತದೆ. ಪರಿಹಾರದ ಹಣದಲ್ಲಿ ದಶಮಾಂಶ ಕೊಡಬೇಕೋ ಎಂದು ಕೆಲವರು ಉಪದೇಶಿಗಳನ್ನು ಕೇಳುತ್ತಾರೆ. ಇದು ಬೆಳೆಯ ಫಲವಲ್ಲ. ಮುರಿದ ಮೂಳೆಯ ಕ್ರಯವಾಗಿರುತ್ತದೆ. ಮೊದಲು ಆರು ತಿಂಗಳು ಸಾಲಕ್ಕೆ ಅಕ್ಕಿ ಕೊಟ್ಟ ಅಂಗಡಿಯವನಿಗೂ, ಆ ರಾತ್ರಿ ಡೀಸೆಲ್ಲಿನ ದುಡ್ಡು ಕೇಳದೆ ಚಿಕ್ಕಮಗಳೂರಿನ ಜಿಲ್ಲಾ ಆಸ್ಪತ್ರೆಗೆ ಜೀಪು ಓಡಿಸಿದ ನೆರೆಯವನಿಗೂ ಸಲ್ಲಿಸಿರಿ. ಅಡವಿನಲ್ಲಿರುವ ಓಲೆಯನ್ನು ಬಿಡಿಸಿಕೊಳ್ಳಿರಿ. ಅದಾದ ಮೇಲೆ ಕಾಣಿಕೆಯ ಮಾತು. ಪೆಟ್ಟಿಗೆಯು ಅಷ್ಟರ ವರೆಗೆ ಕಾಯುವದು.